ಹೊಲಿಗೆ ಹಾಕಿದ ಚರ್ಮಕ್ಕೆ ಅರಿಶಿಣ, ಲೋಳಸರ ಹಚ್ಚಬಹುದಾ?

ಭಾರದ ಝುಮಕಿ ಹಾಕಿ ಹಾಕಿ ಕಿವಿಯ ಹಾಲೆ ಹರಿದು, ಅದನ್ನು ಹೊಲಿಸಿಕೊಳ್ಳುವುದು ನಮ್ಮ ಕಲಬುರಗಿಯಲ್ಲಿ ಈಗ ಹೊಸದೇನಲ್ಲ. ಮುಖದ ಮಚ್ಚೆ ತೆಗೆಸುವವರಿದ್ದಾರೆ, ಹಳೇ ಗಾಯದ ಕಲೆ ಸರಿ ಮಾಡಿಸಿಕೊಳ್ಳುವವರಿದ್ದಾರೆ. ಆಪರೇಷನ್ ಬೇಗ ಮುಗಿಯುತ್ತದೆ, ಮನೆಗೆ ಬಂದ ಮೇಲೆ ಸಲಹೆಗಳು ಶುರು. "ಅರಿಶಿಣ ಹಚ್ಚವಾ, ನಾಕ ದಿನದಾಗ ಮಾಯ್ತದ" ಅಂತ ದೊಡ್ಡವ್ವ, ಲೋಳಸರ ಅಂತ ವೈನಿ, ಬೇವಿನೆಣ್ಣೆ ಅಂತ ಪಕ್ಕದ ಮನೆಯವರು. ಎಲ್ಲರೂ ಹೇಳುವುದು ಪ್ರೀತಿಯಿಂದಲೇ. ಆದರೆ ಗಿಡ ಎಷ್ಟು ಒಳ್ಳೆಯದು ಅನ್ನುವುದಕ್ಕಿಂತ ಮೊದಲು ನೋಡಬೇಕಾದ್ದು ಚರ್ಮ ಮುಚ್ಚಿದೆಯಾ ಇಲ್ಲವಾ ಅಂತ.

ಗಿಡಮೂಲಿಕೆಗೂ ಪ್ಲಾಸ್ಟಿಕ್ ಸರ್ಜರಿಗೂ ಹಳೇ ನಂಟು. ಕತ್ತರಿಸಿದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. ಅದರ ಮೇಲೆ ಜ್ಯೇಷ್ಠಮಧುವಿನಂಥ ಮೂಲಿಕೆಗಳ ಪುಡಿ ಉದುರಿಸಿ, ಹತ್ತಿ ಇಟ್ಟು, ಎಳ್ಳೆಣ್ಣೆ ಹನಿಸಬೇಕು ಅಂತ ಹೇಳಿದೆ. ಆ ಕಾಲಕ್ಕೆ ಅದು ದೊಡ್ಡ ಮಾತು. ಆಗ ಆಂಟಿಬಯಾಟಿಕ್ ಇರಲಿಲ್ಲ, ಕ್ರಿಮಿ ಕೊಂದು ಪ್ಯಾಕ್ ಮಾಡಿದ ಪಟ್ಟಿಯೂ ಇರಲಿಲ್ಲ. ಈಗ ಎರಡೂ ಇವೆ.

ಹೊಲಿಗೆಯ ಗಾಯದಲ್ಲಿ ಮೊದಲ ಕೆಲವು ದಿನ ಊತ, ಕೆಂಪು, ಬಿಸಿ ಇರುತ್ತದೆ. ಸತ್ತ ಜೀವಕೋಶ ಮತ್ತು ಬ್ಯಾಕ್ಟೀರಿಯಾವನ್ನು ದೇಹ ಆಗ ತೆಗೆದುಹಾಕುತ್ತಿರುತ್ತದೆ. ಆಮೇಲೆ ಕಾಲಜೆನ್ ಅನ್ನೋ ಪ್ರೋಟೀನಿನ ನಾರು ಹೆಣೆದುಕೊಳ್ಳುತ್ತದೆ. ಹೊರಗೆ ನೋಡಿದರೆ ಮಾಯ್ದಂತೆ ಕಂಡರೂ 3 ವಾರಕ್ಕೆ ಆ ಜಾಗಕ್ಕೆ ಮೊದಲಿನ ಚರ್ಮದ ಸುಮಾರು 20ರಿಂದ 30 ಶೇಕಡಾ ಗಟ್ಟಿತನ ಮಾತ್ರ ಬಂದಿರುತ್ತದೆ, ತಿಂಗಳುಗಳು ಕಳೆದರೂ ಸುಮಾರು 80 ಶೇಕಡಾ ದಾಟುವುದಿಲ್ಲ. ಕಲೆ ಪೂರ್ತಿ ಹದಕ್ಕೆ ಬರಲು ವರ್ಷವೇ ಬೇಕು. ಹಾಗಾಗಿ 15 ದಿನಕ್ಕೇ ಎಣ್ಣೆ ಹಾಕಿ ತಿಕ್ಕುವ ಅವಸರ ಬೇಡ.

ಈಗ ಅರಿಶಿಣ. ಅದರಲ್ಲಿರುವ ಕುರ್ಕುಮಿನ್‌ಗೆ ಊತ ಇಳಿಸುವ ಗುಣ ಇದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ, ಅದು ಸುಳ್ಳಲ್ಲ. ಆದರೆ ಅಡುಗೆಮನೆ ಡಬ್ಬಿಯ ಪುಡಿಯಲ್ಲಿ ಕುರ್ಕುಮಿನ್ ಇರುವುದು 3 ಶೇಕಡಾ ಆಸುಪಾಸು. ಅರಿಶಿಣದ ಕೊಂಬು ಮಣ್ಣೊಳಗೆ ಬೆಳೆದದ್ದು, ಬೇಯಿಸಿ ಅಂಗಳದಲ್ಲಿ ಒಣಗಿಸಿದ್ದು. ಮಣ್ಣಿನ ಕೆಲವು ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಸಾರಿನಲ್ಲಿ ಹಾಕಿ ತಿಂದರೆ ತೊಂದರೆ ಇಲ್ಲ, ಹೊಟ್ಟೆ ನೋಡಿಕೊಳ್ಳುತ್ತದೆ. ಸೂಜಿ ಚುಚ್ಚಿದ ತೂತಿನೊಳಗೆ ಇಳಿದರೆ ಬೇರೆ ಮಾತು. ಇನ್ನೊಂದು ತೊಂದರೆ ಯಾರೂ ಹೇಳುವುದಿಲ್ಲ. ಕಲಸಿ ಹಚ್ಚಿದ ಅರಿಶಿಣ ಒಣಗಿ ಹೊಲಿಗೆಯ ದಾರಕ್ಕೆ ಹಕ್ಕಳೆಯಂತೆ ಅಂಟುತ್ತದೆ, ಸುತ್ತಲಿನ ಚರ್ಮ ಹಳದಿಯಾಗುತ್ತದೆ. ಕೆಂಪು ಹರಡುತ್ತಿದೆಯಾ, ಕೀವು ಕಟ್ಟುತ್ತಿದೆಯಾ ಅಂತ ಡಾಕ್ಟರಿಗೂ ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ.

ಲೋಳಸರದ ಕಥೆ ಬೇರೆ. ನಮ್ಮ ಕಡೆ ದೃಷ್ಟಿಗೆ ಅಂತ ಬಾಗಿಲಿಗೂ ಕಟ್ಟುತ್ತಾರಲ್ವಾ, ಅದೇ. ಎಲೆಯನ್ನು ಬುಡದಲ್ಲಿ ಕೊಯ್ದು ನಿಲ್ಲಿಸಿ ನೋಡಿ, ಮೊದಲು ಸಿಪ್ಪೆಯ ಅಂಚಿನಿಂದ ಹಳದಿ ರಸ ಇಳಿಯುತ್ತದೆ. ಕಹಿ ವಾಸನೆ. ಅದರಲ್ಲಿ ಅಲೋಯಿನ್ ಇದೆ, ಚರ್ಮಕ್ಕೆ ತುರಿಕೆ ತರಬಲ್ಲದು. ಒಳಗಿನ ಗಾಜಿನಂಥ ತಿಳಿ ಲೋಳೆಯೇ ತಂಪು ಕೊಡುವುದು, ಅದರಲ್ಲಿ ಜಾಸ್ತಿ ಇರುವುದು ನೀರು. ಹೊಲಿಗೆ ಬಿಚ್ಚಿ, ಹಕ್ಕಳೆ ತಾನಾಗಿಯೇ ಉದುರಿ, ಎಲ್ಲೂ ಒದ್ದೆ ಇಲ್ಲದಿದ್ದಾಗ ಡಾಕ್ಟರನ್ನು ಕೇಳಿ ಹಚ್ಚಬಹುದು. ಮೊದಲು ಮೊಣಕೈ ಒಳಬದಿಗೆ ಒಂಚೂರು ಹಚ್ಚಿ ಎರಡು ದಿನ ನೋಡಿ.

ಜೇನುತುಪ್ಪದ ಬಗ್ಗೆಯೂ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಗಾಯಕ್ಕೆ ಬಳಸುವ ಜೇನು ಇದೆ ನಿಜ, ಅದನ್ನು ಗಾಮಾ ಕಿರಣದಿಂದ ಶುದ್ಧ ಮಾಡಿರುತ್ತಾರೆ. ಹುಟ್ಟಿನಿಂದ ಹಿಂಡಿ ತಂದ ಜೇನು ಅದಲ್ಲ.

ಕಲೆ ಹೋಗಲಿ ಅಂತ ನಿಂಬೆಹಣ್ಣು ಉಜ್ಜುವುದನ್ನು ಮಾತ್ರ ದಯವಿಟ್ಟು ಬಿಡಿ. ಅದು ಹುಳಿ ಅನ್ನುವುದಷ್ಟೇ ಅಲ್ಲ. ನಿಂಬೆಯಲ್ಲಿರುವ ಫ್ಯೂರೋಕೌಮರಿನ್ ಅನ್ನೋ ಪದಾರ್ಥ ಬಿಸಿಲಿನ ನೇರಳಾತೀತ ಕಿರಣದ ಜೊತೆ ಸೇರಿದರೆ ಚರ್ಮ ಸುಡುತ್ತದೆ, ಬೊಬ್ಬೆ ಏಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಬಿಸಿಲು ಗೊತ್ತೇ ಇದೆ. ಅದೂ ಅಲ್ಲದೆ ನಮ್ಮ ಕಂದು ಚರ್ಮ ಸಣ್ಣ ಉರಿಗೂ ಬೇಗ ಕಪ್ಪಾಗುತ್ತದೆ.

ವಿಟಮಿನ್ ಇ ಗುಳಿಗೆ ಒಡೆದು ಹಚ್ಚುವವರೂ ಬಹಳ. 1999ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದರು. ಚರ್ಮದ ಕ್ಯಾನ್ಸರಿಗೆ ಆಪರೇಷನ್ ಆದ 15 ಜನರ ಕಲೆಯ ಒಂದು ಭಾಗಕ್ಕೆ ಬರೀ ಮುಲಾಮು, ಇನ್ನೊಂದು ಭಾಗಕ್ಕೆ ವಿಟಮಿನ್ ಇ ಸೇರಿಸಿದ ಮುಲಾಮು. 90 ಶೇಕಡಾ ಕಡೆ ಏನೂ ಲಾಭ ಆಗಲಿಲ್ಲ ಅಥವಾ ಕಲೆ ಇನ್ನೂ ಕೆಟ್ಟಿತು, ಮೂರನೇ ಒಂದು ಭಾಗ ಜನಕ್ಕೆ ಅಲರ್ಜಿಯಾಯಿತು. ಸಣ್ಣ ಅಧ್ಯಯನವೇ, ಆದರೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಹಾಗಾದರೆ ಹಚ್ಚುವುದಾದರೂ ಏನು? ಗಾಯ ಮುಚ್ಚುವ ತನಕ ಡಾಕ್ಟರ್ ಬರೆದ ಮುಲಾಮು ಅಥವಾ ಬರೀ ವ್ಯಾಸಲೀನ್ ಸಾಕು, ಜಾಗ ಹಸಿಯಾಗಿದ್ದರೆ ಹೊಸ ಚರ್ಮ ಬೇಗ ಹಬ್ಬುತ್ತದೆ. ಮುಚ್ಚಿದ ಮೇಲೆ ಸಿಲಿಕೋನ್ ಜೆಲ್, ಹೊರಗೆ ಹೋಗುವಾಗ ಸನ್‌ಸ್ಕ್ರೀನ್. ಸೆರಗೋ ದುಪಟ್ಟಾನೋ ಮುಖಕ್ಕೆ ಸುತ್ತಿಕೊಳ್ಳುವ ನಮ್ಮ ರೂಢಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ.

ಕಿವಿ ಹೊಲಿಸಿದವರಿಗೆ ಇನ್ನೊಂದು ಮಾತು. ಕಿವಿಯ ಹಾಲೆ ಕೀಲಾಯ್ಡ್, ಅಂದರೆ ಮಿತಿಮೀರಿ ಉಬ್ಬಿ ಬೆಳೆಯುವ ಕಲೆ, ಬರುವ ಜಾಗ. ತಿಂಗಳುಗಳ ಮೇಲೆ ಕಲೆ ತುರಿಸುತ್ತಾ, ಹೊಲಿದ ಗೆರೆ ದಾಟಿ ಗಂಟಿನ ಹಾಗೆ ಬೆಳೆಯತೊಡಗಿದರೆ ಯಾವ ಸೊಪ್ಪಿನ ರಸಕ್ಕೂ ಅದು ಕರಗುವುದಿಲ್ಲ. ಚಿಕ್ಕದಿರುವಾಗಲೇ ಹೋಗಿ ತೋರಿಸಿ. ಗಂಟಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಮನೆಯಲ್ಲಿ ಏನಾದರೂ ಹಚ್ಚಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.