ಡ್ರಾಫ್ಟಿಂಗ್: ಮುಂದಿನವರ ಗಾಳಿಮರೆ

ಸಿಡ್ನಿಯ ಪಶ್ಚಿಮಕ್ಕೆ ಪೆನ್‌ರಿತ್ ಅಂತ ಒಂದು ಊರು. ಅಲ್ಲಿ 2000ದ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆಗಳಿಗೆಂದು ಕಟ್ಟಿದ ಉದ್ದನೆಯ ಕೆರೆ ಇದೆ. ಈಗ ಅಲ್ಲಿ ಟ್ರಯಥ್ಲಾನ್ ರೇಸುಗಳೂ ನಡೆಯುತ್ತವೆ, ಅಂದರೆ ಈಜು, ಸೈಕಲ್, ಓಟ ಮೂರೂ ಒಂದಾದ ಮೇಲೊಂದು ಬರುವ ಸ್ಪರ್ಧೆ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಪಕ್ಕದ ಮನೆ ಹುಡುಗಿಯ ರೇಸ್ ನೋಡೋಕೆ ಅವರ ಮನೆಯವರ ಜೊತೆ ನಾನೂ ಹೋಗಿದ್ದೆ. ಅವಳಿಗೆ 16 ವರ್ಷ. ಅಲ್ಲಿಯವರೆಗೆ ತನ್ನ ವಯಸ್ಸಿನವರ ರೇಸುಗಳಲ್ಲಿ ಗೆಲ್ಲುತ್ತಲೇ ಬಂದವಳು. ಅವತ್ತು ಅವಳ ಮೊದಲ ಜೂನಿಯರ್ ರೇಸ್.

ಈಜಿನಿಂದ ಎದ್ದಾಗ ಮುಂದಿನ ಗುಂಪಿಗೂ ಅವಳಿಗೂ ಇದ್ದ ಅಂತರ ಸುಮಾರು 12 ಸೆಕೆಂಡ್. ಸೈಕಲ್ ಅವಳ ಬಲ, ಹಿಡಿದೇ ಹಿಡಿಯುತ್ತಾಳೆ ಅಂದುಕೊಂಡೆ. ಮೊದಲ ಸುತ್ತು ಮುಗಿದಾಗ ಅಂತರ ಅರ್ಧ ನಿಮಿಷವಾಗಿತ್ತು. ಎರಡನೇ ಸುತ್ತಿಗೆ ಒಂದು ನಿಮಿಷ ದಾಟಿತು. ಅವಳೇನೂ ನಿಧಾನ ಮಾಡಿರಲಿಲ್ಲ. ಹಲ್ಲು ಕಚ್ಚಿಕೊಂಡು ಒಬ್ಬಳೇ ತುಳಿಯುತ್ತಿದ್ದಳು. ಮುಂದೆ ಹನ್ನೊಂದು ಹುಡುಗಿಯರು ಒಟ್ಟಾಗಿ ಹೋಗುತ್ತಿದ್ದರು. ವ್ಯತ್ಯಾಸ ಇದ್ದದ್ದು ಅಲ್ಲೇ.

ಆ ವ್ಯತ್ಯಾಸಕ್ಕೆ ಇರುವ ಹೆಸರೇ ಡ್ರಾಫ್ಟಿಂಗ್.

ನಮಗೆ ಡ್ರಾಫ್ಟ್ ಅಂದರೆ ಬ್ಯಾಂಕಿನ ಡಿ.ಡಿ. ನೆನಪಾಗುತ್ತದೆ, ಇಲ್ಲವೇ ಕಚೇರಿಯ ಕರಡು ಪತ್ರ. ಆದರೆ ಇಂಗ್ಲಿಷಿನಲ್ಲಿ ಈ ಪದದ ಬೇರು ಇರುವುದು 'ಎಳೆಯುವುದು' ಅನ್ನುವ ಅರ್ಥದಲ್ಲಿ. ಬಂಡಿ ಎಳೆಯುವ ಎತ್ತು, ಕುದುರೆಗಳಿಗೂ ಇದೇ ಪದ, ಬಾಗಿಲ ಸಂದಿಯಿಂದ ಒಳಗೆ ಎಳೆದುಕೊಳ್ಳುವ ಗಾಳಿಗೂ ಇದೇ ಪದ. ಸೈಕಲ್ ರೇಸಿನಲ್ಲಿ ಡ್ರಾಫ್ಟಿಂಗ್ ಅಂದರೆ ಮುಂದಿನ ಸವಾರನ ಬೆನ್ನಿಗೇ ಅಂಟಿಕೊಂಡು, ಅವನು ಸೀಳಿದ ಗಾಳಿಯ ಹಿಂದೆ ಹೋಗುವುದು. ಕನ್ನಡದಲ್ಲಿ ನನಗೆ ಹತ್ತಿರ ಅನ್ನಿಸುವ ಮಾತು 'ಗಾಳಿಮರೆ'. ಮಳೆ ಬಂದಾಗ ಗೋಡೆ ಮರೆಗೆ ನಿಲ್ಲುತ್ತೇವಲ್ಲ, ಹಾಗೆ. ಇಲ್ಲಿ ಗೋಡೆಯೂ ಓಡುತ್ತಿರುತ್ತದೆ, ಅಷ್ಟೇ.

ಎದುರುಗಾಳಿಯಲ್ಲಿ ಸೈಕಲ್ ತುಳಿದು ಸ್ಕೂಲಿಗೆ ಹೋದವರಿಗೆ ಇದರ ಬೆಲೆ ಗೊತ್ತು. ಗಾಳಿಯೇ ಇಲ್ಲದ ದಿನವೂ ಸವಾರ ತನ್ನ ವೇಗದಿಂದಲೇ ಎದುರುಗಾಳಿ ಹುಟ್ಟಿಸಿಕೊಳ್ಳುತ್ತಾನೆ. ವೇಗ ಎರಡು ಪಟ್ಟಾದರೆ ಆ ಗಾಳಿಯ ವಿರುದ್ಧ ಹಾಕಬೇಕಾದ ಶಕ್ತಿ 8 ಪಟ್ಟು ಆಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದಾಗ ಕಾಲಿನ ಶಕ್ತಿಯ ಬಹುಪಾಲು ಗಾಳಿ ಸೀಳುವುದಕ್ಕೇ ಖರ್ಚು. ಇನ್ನೊಬ್ಬರ ಹಿಂದಿನ ಚಕ್ರದ ಹತ್ತಿರ ನಿಮ್ಮ ಮುಂದಿನ ಚಕ್ರ ಇಟ್ಟುಕೊಂಡು ಹೋದರೆ ಆ ಶ್ರಮದಲ್ಲಿ ಕಾಲು ಭಾಗದಷ್ಟೋ ಅದಕ್ಕಿಂತ ಜಾಸ್ತಿಯೋ ಉಳಿಯುತ್ತದೆ.

ಈಗ ಆ 12 ಸೆಕೆಂಡಿನ ಲೆಕ್ಕ ನೋಡಿ. 40 ಕಿಲೋಮೀಟರ್ ವೇಗದಲ್ಲಿ 12 ಸೆಕೆಂಡ್ ಅಂದರೆ ಸುಮಾರು 130 ಮೀಟರ್. ಕಣ್ಣಿಗೆ ಕಾಣುವಷ್ಟು ದೂರ. ಆದರೆ ಮುಂದಿನವರು ಸರದಿಯಲ್ಲಿ ಗಾಳಿ ಹಂಚಿಕೊಳ್ಳುತ್ತಿದ್ದಾರೆ, ಹಿಂದಿನವಳು ಅದನ್ನು ಪೂರ್ತಿ ಒಬ್ಬಳೇ ಹೊರಬೇಕು. ಅವರಷ್ಟೇ ಗಟ್ಟಿಯಾಗಿದ್ದರೂ ಅಂತರ ಬೆಳೆಯುತ್ತಲೇ ಹೋಗುತ್ತದೆ.

ಹಾಗಾದರೆ ಹಿಂದಿನ ರೇಸುಗಳಲ್ಲಿ ಅವಳು ಗೆದ್ದದ್ದು ಹೇಗೆ? ಅಲ್ಲಿನ ನಿಯಮವೇ ಬೇರೆ. ಹವ್ಯಾಸಿಗಳು ವಯಸ್ಸಿನ ಗುಂಪುಗಳಲ್ಲಿ ಓಡುವ ರೇಸನ್ನು 'ಏಜ್ ಗ್ರೂಪ್' ಅನ್ನುತ್ತಾರೆ. ಅಲ್ಲಿ ಸಾಮಾನ್ಯವಾಗಿ ಡ್ರಾಫ್ಟಿಂಗ್ ತಪ್ಪು. ರೇಸಿಗೆ ತಕ್ಕಂತೆ ಮುಂದಿನ ಸೈಕಲ್‌ನಿಂದ 10 ಅಥವಾ 12 ಮೀಟರ್ ದೂರ ಬಿಡಬೇಕು. ದಾಟುವುದಾದರೆ ಚಕಚಕನೆ ದಾಟಬೇಕು. ಸುಮ್ನೆ ಹಿಂದೆ ಕೂತರೆ ಮೋಟಾರ್‌ಬೈಕಿನ ಮೇಲಿರುವ ಅಧಿಕಾರಿ ದಂಡ ಹಾಕುತ್ತಾರೆ. ಅಲ್ಲಿ ಪ್ರತಿಯೊಬ್ಬರೂ ಗಡಿಯಾರದ ಎದುರು ಒಂಟಿಯಾಗಿ ಹೋರಾಡುತ್ತಾರೆ. ಉದ್ದದ ರೇಸುಗಳಾದ ಐರನ್‌ಮ್ಯಾನ್‌ನಲ್ಲಿ ವೃತ್ತಿಪರರಿಗೂ ಡ್ರಾಫ್ಟಿಂಗ್ ತಪ್ಪೇ.

ಆದರೆ ಒಲಿಂಪಿಕ್ಸ್ ಕಡೆ ಹೋಗುವ ದಾರಿಯಲ್ಲಿ ಡ್ರಾಫ್ಟಿಂಗ್‌ಗೆ ಒಪ್ಪಿಗೆ ಇದೆ. 1995ರಿಂದ ಎಲೀಟ್ ರೇಸುಗಳು, ಅಂದರೆ ಅಗ್ರ ದರ್ಜೆಯವರ ರೇಸುಗಳು, ಹೀಗೇ ನಡೆಯುತ್ತಿವೆ. ಜೂನಿಯರ್, 23ರ ಒಳಗಿನವರು, ಎಲೀಟ್, ಮೂವರಿಗೂ ಇದೇ ಪದ್ಧತಿ. ಇದನ್ನು 'ಡ್ರಾಫ್ಟ್ ಲೀಗಲ್' ಅನ್ನುತ್ತಾರೆ. ಸೈಕಲ್ಲೂ ಬದಲಾಗುತ್ತದೆ. ಮೊಣಕೈ ಊರಿ ಮಲಗಿದಂತೆ ತುಳಿಯುವ ಉದ್ದ ಹ್ಯಾಂಡಲ್ ಇರುವ ಸೈಕಲ್ ಇಲ್ಲಿ ನಡೆಯದು, ಬಾಗಿದ ಹ್ಯಾಂಡಲ್‌ನ ರೋಡ್ ಸೈಕಲ್ಲೇ ಬೇಕು. ಬ್ರೇಕಿನ ಮೇಲೆ ಸದಾ ಬೆರಳಿರಬೇಕಲ್ವಾ?

ಇನ್ನೊಂದು ಕಠಿಣ ನಿಯಮವಿದೆ. ಸೈಕಲ್ ಸುತ್ತುಗಳಲ್ಲಿ ಮುಂದಿನವರು ನಿಮ್ಮನ್ನು ಒಂದು ಪೂರ್ತಿ ಸುತ್ತು ಹಿಂದೆ ಹಾಕಿದರೆ ಅಲ್ಲಿಗೆ ನಿಮ್ಮ ರೇಸ್ ಮುಗಿಯಿತು. ಓಟದಲ್ಲಿ ನೀವು ಎಷ್ಟೇ ಚೆನ್ನಾಗಿರಿ, ಓಡುವ ಅವಕಾಶವೇ ಇಲ್ಲ. ವರ್ಷವಿಡೀ ಬೆವರು ಸುರಿಸಿದ 17ರ ಮಗು ಸೈಕಲ್ ತಳ್ಳಿಕೊಂಡು ಬದಿಗೆ ಸರಿಯುವುದನ್ನು ನೋಡಿದರೆ ಹೊಟ್ಟೆ ಕಿವುಚಿದಂತಾಗುತ್ತದೆ.

ಜೂನಿಯರ್ ರೇಸ್ ಸಾಮಾನ್ಯವಾಗಿ 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಒಲಿಂಪಿಕ್ಸ್‌ನಲ್ಲಿ ಇದರ ಎರಡರಷ್ಟು. ದೂರದ ಲೆಕ್ಕದಲ್ಲಿ ಈಜು ತೀರಾ ಚಿಕ್ಕ ತುಂಡು. ಡ್ರಾಫ್ಟಿಂಗ್‌ನಿಂದಾಗಿ ಅದೇ ಬಾಗಿಲು ಕಾಯುವ ಕೆಲಸ ಮಾಡುತ್ತದೆ. ನೀರಿನಿಂದ ಯಾರ ಜೊತೆ ಎದ್ದಿರಿ ಅನ್ನುವುದರ ಮೇಲೆ ಯಾರ ಜೊತೆ ಸೈಕಲ್ ತುಳಿಯುತ್ತೀರಿ ಅನ್ನುವುದು ನಿಂತಿದೆ. ನೀರಿನಲ್ಲೂ ಡ್ರಾಫ್ಟಿಂಗ್ ಇದೆ: ಮುಂದಿನವರ ಪಾದದ ಹಿಂದೆ, ಗುಳ್ಳೆಗಳ ಸಾಲಿನಲ್ಲಿ ಈಜಿದರೆ ಶ್ರಮ ಕಡಿಮೆ. ಅದಕ್ಕೇ ಮೊದಲ ತಿರುವು ತೋರಿಸುವ ತೇಲುಗುರುತಿನ ಹತ್ತಿರ ಅಷ್ಟೊಂದು ಒದೆತ, ಗುದ್ದಾಟ.

ಆಸ್ಟ್ರೇಲಿಯಾದ ಮಕ್ಕಳಿಗೆ ಇಲ್ಲಿ ಒಂದು ಅನುಕೂಲ ಇದೆ. ಬೀಚುಗಳಲ್ಲಿ ಜೀವರಕ್ಷಕ ಕ್ಲಬ್ಬುಗಳು ನಡೆಸುವ 'ನಿಪ್ಪರ್ಸ್' ತರಬೇತಿಗೆ 5 ವರ್ಷದ ಮಕ್ಕಳೂ ಬರುತ್ತಾರೆ. ಅಲೆಯ ಕೆಳಗೆ ಮುಳುಗಿ ದಾಟುವುದು, ಗುಂಪಿನಲ್ಲಿ ಹೆದರದೆ ನೀರಿಗೆ ನುಗ್ಗುವುದು ಇವೆಲ್ಲ ಅಲ್ಲಿಂದಲೇ ಬರುತ್ತದೆ. ಆಮೇಲೆ ಬೆಳಗಿನ ಜಾವ ಈಜುಕೊಳದ ಸ್ಕ್ವಾಡ್, ಅಂದರೆ ಗುಂಪಿನ ತರಬೇತಿ. ಹಾಗಂತ ಎಲ್ಲರಿಗೂ ಸಮುದ್ರ ಸಿಗುವುದಿಲ್ಲ. ನಮ್ಮ ಹುಡುಗಿ ಬೆಳೆದದ್ದು ಸಮುದ್ರದಿಂದ ದೂರ, ಬರೀ ಕೊಳದ ಈಜು. ಅವಳು ಕಳೆದುಕೊಂಡ 12 ಸೆಕೆಂಡಿನಲ್ಲಿ ಅದರ ಪಾಲೂ ಇತ್ತು.

ಈಜಿನಿಂದ ಸೈಕಲ್‌ಗೆ ದಾಟುವ ಹೊತ್ತನ್ನು ಟಿ1 ಅನ್ನುತ್ತಾರೆ. ಅಲ್ಲಿ ನಿಂತು ಅವಳ ಸೈಕಲ್ಲನ್ನು ಹತ್ತಿರದಿಂದ ನೋಡಿದ್ದೆ. ಶೂಗಳು ಆಗಲೇ ಪೆಡಲ್‌ಗೆ ಸಿಕ್ಕಿಸಿಕೊಂಡಿದ್ದವು. ಅವು ತೂಗಾಡಿ ನೆಲಕ್ಕೆ ತಾಗದಿರಲಿ ಅಂತ ತೆಳ್ಳನೆಯ ರಬ್ಬರ್ ಬ್ಯಾಂಡಿನಿಂದ ಸೈಕಲ್‌ಗೆ ಕಟ್ಟಿದ್ದರು. ಹೆಲ್ಮೆಟ್ಟಿನ ಪಟ್ಟಿ ಹಾಕಿದ ಮೇಲೆಯೇ ಸೈಕಲ್ ಮುಟ್ಟಬೇಕು. ಬರಿಗಾಲಲ್ಲಿ ಸೈಕಲ್ ಜೊತೆ ಓಡಿ, ಗೆರೆ ದಾಟಿ, ಹಾರಿ ಕೂತು, ಶೂ ಮೇಲೆ ಪಾದ ಇಟ್ಟು ಒಮ್ಮೆ ತುಳಿದರೆ ರಬ್ಬರ್ ಬ್ಯಾಂಡ್ ಟಪ್ ಅಂತ ಕಿತ್ತುಹೋಗುತ್ತದೆ. ಸೈಕಲ್ ತುಳಿಯುತ್ತಲೇ ಶೂ ಒಳಗೆ ಕಾಲು ತೂರಿಸಬೇಕು. ಇಲ್ಲಿ ಕಳೆದ ಎರಡು ಸೆಕೆಂಡೂ ಪ್ಯಾಕ್ ತಪ್ಪಿಸಬಹುದು. ಹಾಂ, ಪ್ಯಾಕ್ ಅಂದರೆ ಒಟ್ಟಾಗಿ ಹೋಗುವ ಸೈಕಲ್ ಗುಂಪು. ಹಿಂದಿನಿಂದ ಬೆನ್ನಟ್ಟುವುದು ಚೇಸ್ ಪ್ಯಾಕ್.

ಪ್ಯಾಕ್ ಒಳಗೆ ಒಂದು ನಡವಳಿಕೆ ಇದೆ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗುವುದು ಅದೇ. ಸ್ವಲ್ಪ ಹೊತ್ತು ನೀವು ಮುಂದೆ ನಿಂತು ಗಾಳಿ ತಿನ್ನಬೇಕು. ಅದು 'ಟರ್ನ್', ಅಂದರೆ ನಿಮ್ಮ ಸರದಿ. ಆಮೇಲೆ ಪಕ್ಕಕ್ಕೆ ಸರಿದು ಹಿಂದೆ ಸೇರಿಕೊಳ್ಳಬೇಕು. ಸರದಿ ತೆಗೆದುಕೊಳ್ಳದೆ ಹಿಂದೆಯೇ ಕೂತವರ ಮೇಲೆ ಬೈಗುಳ ಬೀಳುತ್ತದೆ. ಆದರೆ ಪ್ರತಿ ಸರದಿಯೂ ಕೊನೆಯ ಓಟಕ್ಕೆ ಇಟ್ಟ ಶಕ್ತಿಯನ್ನು ತಿನ್ನುತ್ತದೆ. ಇನ್ನರ್ಧ ಗಂಟೆಯಲ್ಲಿ ಯಾರನ್ನು ಸೋಲಿಸಬೇಕೋ ಅವರ ಜೊತೆಯೇ ಈಗ ಗಾಳಿ ಹಂಚಿಕೊಳ್ಳಬೇಕು. ಮುಂದಿನವಳು ಸುಮ್ಮಸುಮ್ಮನೆ ಬ್ರೇಕ್ ಹಾಕುವುದಿಲ್ಲ ಅಂತ ನಂಬಬೇಕು. ಚಕ್ರಕ್ಕೆ ಚಕ್ರ ತಾಗಿದರೆ ಹತ್ತು ಜನ ನೆಲಕ್ಕೆ ಬೀಳುತ್ತಾರೆ.

ಡ್ರಾಫ್ಟಿಂಗ್ ಬಂದು ಸೈಕಲ್ ಭಾಗವೇ ಸತ್ತುಹೋಯಿತು, ಕೊನೆಗೆ ಅದು ಬರೀ ಓಟದ ರೇಸ್ ಅಂತ ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ಒಲಿಂಪಿಕ್ ಪದಕಗಳನ್ನೇ ನೋಡಿ. ಟ್ರಯಥ್ಲಾನ್ ಒಲಿಂಪಿಕ್ಸ್‌ಗೆ ಬಂದದ್ದೇ ಸಿಡ್ನಿ 2000ದಲ್ಲಿ, ಅದೂ ಒಪೆರಾ ಹೌಸ್ ಎದುರು. ಮಹಿಳೆಯರ ರೇಸಿನಲ್ಲಿ ಮಿಶೆಲಿ ಜೋನ್ಸ್ ಕೊನೆಯ ಗೆರೆಯವರೆಗೂ ಹೋರಾಡಿ ಸ್ವಿಟ್ಜರ್ಲೆಂಡಿನ ಬ್ರಿಜಿತ್ ಮೆಕ್‌ಮಾನ್‌ಗೆ ಬರೀ 2 ಸೆಕೆಂಡಿನಲ್ಲಿ ಸೋತರು. ನಾಲ್ಕು ವರ್ಷದ ಮೇಲೆ ಅಥೆನ್ಸ್‌ನಲ್ಲಿ ಲೊರೆಟಾ ಹ್ಯಾರಪ್ ಪ್ಯಾಕನ್ನು ಹಿಂದೆ ಬಿಟ್ಟು ಸೈಕಲ್‌ನಲ್ಲಿ ಮುಂದೆ ಹೋದರು. ಕೊನೆಯ ಹಂತದಲ್ಲಿ ಕೇಟ್ ಆಲನ್ ಅವರನ್ನು ದಾಟಿದರು. ಆಲನ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲೇ, ಓಡಿದ್ದು ಆಸ್ಟ್ರಿಯಾ ಪರ. 2008ರ ಬೀಜಿಂಗ್‌ನಲ್ಲಿ ಎಮ್ಮಾ ಸ್ನೋಸಿಲ್ ಪ್ಯಾಕಿನಲ್ಲಿ ಶಕ್ತಿ ಉಳಿಸಿಕೊಂಡು, ಓಟದಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಅಂತರದಿಂದ ಚಿನ್ನ ಗೆದ್ದರು. ಎಮ್ಮಾ ಮೊಫಾಟ್‌ಗೆ ಅದೇ ರೇಸಿನಲ್ಲಿ ಕಂಚು. ಒಂದೇ ನಿಯಮದಡಿ ಮೂರು ಬೇರೆ ಬೇರೆ ಥರದ ರೇಸ್.

ಈಗಿನ ಜೂನಿಯರ್‌ಗಳ ಕಣ್ಣು ಮ್ಯಾಟ್ ಹೌಸರ್ ಮೇಲೆ. ಕ್ವೀನ್ಸ್‌ಲ್ಯಾಂಡಿನ ಹರ್ವಿ ಬೇ ಹುಡುಗ. 2017ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್. ಮರುವರ್ಷ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಗಂಡು ಹೆಣ್ಣು ಸೇರಿದ ಮಿಶ್ರ ರಿಲೇಯಲ್ಲಿ ತಂಡದ ಜೊತೆ ಚಿನ್ನ. ಹಿರಿಯರ ವಿಶ್ವ ಚಾಂಪಿಯನ್ ಆದದ್ದು 2025ರ ಅಕ್ಟೋಬರಿನಲ್ಲಿ, ಸಿಡ್ನಿಯ ದಕ್ಷಿಣಕ್ಕಿರುವ ವೊಲೊಂಗಾಂಗ್‌ನಲ್ಲಿ, ತನ್ನವರ ಎದುರೇ. ಆಸ್ಟ್ರೇಲಿಯಾದ ಗಂಡಸರಿಗೆ ಆ ಪಟ್ಟ ಹಿಂದೆ ಸಿಕ್ಕಿದ್ದು 2005ರಲ್ಲಿ, ಪೀಟರ್ ರಾಬರ್ಟ್‌ಸನ್ ಮೂಲಕ. ಜೂನಿಯರ್ ಪಟ್ಟದಿಂದ ಹಿರಿಯರ ಪಟ್ಟಕ್ಕೆ ಹೌಸರ್‌ಗೂ 8 ವರ್ಷ ಹಿಡಿಯಿತು. 17ಕ್ಕೇ ಮಕ್ಕಳನ್ನು ಪಾಸು ಫೇಲು ಮಾಡುವ ಅಪ್ಪ ಅಮ್ಮಂದಿರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು.

ಈ ನಡುವೆ ಇರುವ ಮೆಟ್ಟಿಲುಗಳು ಹಲವು: ಜೂನಿಯರ್ ಸರಣಿ, ಓಷಿಯಾನಿಯಾದ ಕಪ್‌ಗಳು, ವಿಶ್ವಕಪ್, ಅದರ ಮೇಲೆ ವಿಶ್ವ ಚಾಂಪಿಯನ್‌ಶಿಪ್ ಸರಣಿ. ಎಲ್ಲ ಕಡೆ ಅಂಕ, ರ‍್ಯಾಂಕಿಂಗ್. ರ‍್ಯಾಂಕಿಂಗ್ ಮೇಲಿದ್ದವರು ಈಜಿನ ಸಾಲಿನಲ್ಲಿ ತಮ್ಮ ಜಾಗವನ್ನು ಮೊದಲು ಆರಿಸಿಕೊಳ್ಳುತ್ತಾರೆ. ಅಲ್ಲಿಂದಲೇ ಮತ್ತೆ ಪ್ಯಾಕ್‌ನ ಲೆಕ್ಕ ಶುರು.

ಪೆನ್‌ರಿತ್‌ನಿಂದ ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವಳು ತುಂಬಾ ಹೊತ್ತು ಮಾತಾಡಲಿಲ್ಲ. "ಹನ್ನೆರಡು ಸೆಕೆಂಡ್ ತಾನೇ" ಅಂದೆ, ಸಮಾಧಾನಕ್ಕೆ. ಅವಳು ಸೀಟಿನ ಮೇಲೆ ಎರಡು ಬೆರಳನ್ನು ಒಂದರ ಹಿಂದೊಂದು ಇಟ್ಟು, ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿ ಬರುವುದಿಲ್ಲ ಅಂತ ತೋರಿಸಿದಳು. ಮೇಲೆ ಬರೆದದ್ದರಲ್ಲಿ ಅರ್ಧ ನನಗೆ ಗೊತ್ತಾದದ್ದು ಆ ಎರಡು ಬೆರಳಿನಿಂದ.

ಈಗ ವಾರಕ್ಕೆ ಐದು ದಿನ, ಬೆಳಗಿನ ನಾಲ್ಕೂಮುಕ್ಕಾಲಿಗೆ ಅವರ ಮನೆಯ ಗ್ಯಾರೇಜ್ ಬಾಗಿಲು ಏಳುವ ಸದ್ದು ಕೇಳುತ್ತದೆ. ಈಜಿಗೆ ಹೊರಟಿರುತ್ತಾಳೆ.