ಸ್ಮಾಲ್ ಕಾಲನಿ ವೇರಿಯಂಟ್ ಅಂದರೆ ಏನು?

ಮೂಳೆಯ ಸೋಂಕಿಗೆ ಆಪರೇಷನ್ ಆಗಿರುತ್ತದೆ. ವಾರಗಟ್ಟಲೆ ಆಂಟಿಬಯಾಟಿಕ್ ಕೊಟ್ಟಿರುತ್ತಾರೆ. ಗಾಯ ಮಾಯುತ್ತದೆ. ಒಂದೆರಡು ವರ್ಷದ ಮೇಲೆ ಅದೇ ಜಾಗದಲ್ಲಿ ಮತ್ತೆ ಕೀವು! ಮಾತ್ರೆ ಸರಿಯಾಗಿ ನುಂಗಿಲ್ಲ ಅಂತ ರೋಗಿಯನ್ನೇ ಬೈಯುವವರು ಜಾಸ್ತಿ. ಅದು ಅನ್ಯಾಯ. ಹೀಗೆ ಮರುಕಳಿಸಲು ಬೇರೆ ಕಾರಣಗಳೂ ಇವೆ. ಅವುಗಳಲ್ಲಿ ಒಂದು ಸ್ಮಾಲ್ ಕಾಲನಿ ವೇರಿಯಂಟ್, ಚಿಕ್ಕದಾಗಿ ಎಸ್‌ಸಿವಿ. ಅಂದರೆ ನಿಧಾನವಾಗಿ ಬೆಳೆದು ಪುಟ್ಟ ಕಾಲನಿ ಕಟ್ಟುವ ಬ್ಯಾಕ್ಟೀರಿಯಾ.

ಕಾಲನಿ ಅಂದ ಕೂಡಲೇ ನಮಗೆ ಬಡಾವಣೆ ನೆನಪಾಗುತ್ತದೆ, ಅಲ್ವಾ? ಲ್ಯಾಬಿನಲ್ಲಿ ಅದರ ಅರ್ಥ ಬೇರೆ. ಅಗರ್ ಪ್ಲೇಟಿನ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದಾರ್ಥದ ತಟ್ಟೆಯ) ಮೇಲೆ ಕೂತ ಒಂದೇ ಬ್ಯಾಕ್ಟೀರಿಯಾ ಎರಡಾಗಿ, ನಾಲ್ಕಾಗಿ, ಲಕ್ಷಗಟ್ಟಲೆಯಾಗಿ ಬರಿಗಣ್ಣಿಗೆ ಕಾಣುವ ಚುಕ್ಕೆಯಾಗುತ್ತದಲ್ಲ, ಅದೇ ಕಾಲನಿ.

ಕುರು, ಕೀವು, ಮೂಳೆ ಸೋಂಕಿಗೆ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನೇ ನೋಡಿ. ಆರಿಯಸ್ ಅಂದರೆ ಲ್ಯಾಟಿನ್ನಿನಲ್ಲಿ ಬಂಗಾರದ ಬಣ್ಣದ್ದು. 1884ರಲ್ಲಿ ಜರ್ಮನ್ ವೈದ್ಯ ರೋಸೆನ್‌ಬಾಖ್ ಅದರ ಕಾಲನಿಯ ಬಣ್ಣ ನೋಡಿಯೇ ಆ ಹೆಸರಿಟ್ಟ. ರಕ್ತ ಬೆರೆಸಿದ ಅಗರ್ ಮೇಲೆ ಅದು ಮಾರನೇ ದಿನಕ್ಕೇ ದುಂಡಗೆ, ಹೊಳೆಯುತ್ತಾ ಬೆಳೆದಿರುತ್ತದೆ. ಸುತ್ತ ರಕ್ತ ಕರಗಿದ ತಿಳಿ ಉಂಗುರ. ಎಸ್‌ಸಿವಿಗೆ ಆ ಬಣ್ಣವಿಲ್ಲ, ಆ ಉಂಗುರವಿಲ್ಲ. ಗಾತ್ರ ಸುಮಾರು ಹತ್ತರಲ್ಲೊಂದು ಪಾಲು. ಮೊದಲನೆಯದು ತೊಗರಿಬೇಳೆಯಾದರೆ ಇದು ಗಸಗಸೆ. ಅದೂ ಕಾಣಲು ಎರಡು ಮೂರು ದಿನ ಬೇಕು. ಮಾರನೇ ದಿನವೇ ಪ್ಲೇಟ್ ಎಸೆದರೆ ಇದು ಕಣ್ಣಿಗೇ ಬೀಳುವುದಿಲ್ಲ.

ಇಷ್ಟು ನಿಧಾನ ಯಾಕೆ? ಒಂದು ಜೀನ್ ಕೆಟ್ಟಿರುತ್ತದೆ. ಹೆಮ್‌-ಬಿ ಜೀನ್‌ನಲ್ಲಿ ಮ್ಯುಟೇಷನ್ ಆದರೆ ಬ್ಯಾಕ್ಟೀರಿಯಾಗೆ ಹೀಮ್ ತಯಾರಿಸಲು ಆಗುವುದಿಲ್ಲ. ಮೆನ್‌-ಡಿ ಕೆಟ್ಟರೆ ಕೆ ವಿಟಮಿನ್ ಜಾತಿಯ ಮೆನಾಕ್ವಿನೋನ್ ಇಲ್ಲ. ಉಸಿರಾಟದಲ್ಲಿ ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ದಾಟಲು ಇವೆರಡೂ ಬೇಕು. ಆ ಸಾಲು ತುಂಡಾದರೆ ಶಕ್ತಿ ಸಾಲದು. ಬಣ್ಣ, ವಿಷ, ಬೆಳವಣಿಗೆ ಎಲ್ಲವೂ ಕುಗ್ಗುತ್ತವೆ.

ಈ ಬಡತನವೇ ಅದನ್ನು ಕಾಪಾಡುತ್ತದೆ. ಜೆಂಟಾಮೈಸಿನ್ ಅನ್ನೋ ಆಂಟಿಬಯಾಟಿಕ್ ಒಳಗೆ ಹೋಗಬೇಕಾದರೆ ಬ್ಯಾಕ್ಟೀರಿಯಾದ ಪೊರೆಯ ಎರಡು ಬದಿಗಳ ನಡುವೆ ವಿದ್ಯುತ್ ಒತ್ತಡ ಇರಬೇಕು. ಎಲೆಕ್ಟ್ರಾನ್ ಸಾಲು ನಿಂತರೆ ಆ ಒತ್ತಡವೂ ತಗ್ಗುತ್ತದೆ, ಔಷಧಿ ಹೊರಗೇ ಉಳಿಯುತ್ತದೆ. ಮೂಳೆಯೊಳಗೆ ಜೆಂಟಾಮೈಸಿನ್ ಮಣಿಗಳನ್ನು ಇಟ್ಟ ರೋಗಿಗಳಲ್ಲಿ ಎಸ್‌ಸಿವಿ ಸಿಕ್ಕಿದ್ದು ಇದೇ ಕಾರಣಕ್ಕೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಮೊದಲೇ ಇದ್ದ ಒಂದೆರಡು ಎಸ್‌ಸಿವಿಯನ್ನು ಔಷಧಿ ಬಿಟ್ಟು, ಉಳಿದವನ್ನು ಕೊಲ್ಲುತ್ತದೆ. ಇನ್ನೊಂದು ಅನುಕೂಲವೂ ಇದೆ. ವಿಷ ಕಡಿಮೆಯಾದ್ದರಿಂದ ತಾನು ಹೊಕ್ಕ ನಮ್ಮ ಜೀವಕೋಶವನ್ನು ಅದು ಒಡೆಯುವುದಿಲ್ಲ. ಒಳಗೇ ತೆಪ್ಪಗೆ ಕೂರುತ್ತದೆ.

ಸಿಸ್ಟಿಕ್ ಫೈಬ್ರೋಸಿಸ್ (ಕಫ ಗಟ್ಟಿಯಾಗಿ ಕಟ್ಟಿಕೊಳ್ಳುವ ಹುಟ್ಟು ಕಾಯಿಲೆ) ರೋಗಿಗಳ ಶ್ವಾಸಕೋಶದಲ್ಲಿ ಇನ್ನೊಂದು ಬಗೆ ಸಿಗುತ್ತದೆ. ಅವರಲ್ಲಿ ಹಲವರಿಗೆ ಕೋಟ್ರೈಮಾಕ್ಸಜೋಲ್ ಅನ್ನೋ ಆಂಟಿಬಯಾಟಿಕ್ ಬಹಳ ಕಾಲ ಕೊಟ್ಟಿರುತ್ತಾರೆ. ಡಿಎನ್‌ಎಗೆ ಬೇಕಾದ ಥೈಮಿಡೀನ್ ಜಾತಿಯ ಸಾಮಾನನ್ನು ಬ್ಯಾಕ್ಟೀರಿಯಾ ತಾನೇ ತಯಾರಿಸದಂತೆ ಈ ಔಷಧಿ ತಡೆಯುತ್ತದೆ. ಥೈ-ಎ ಜೀನ್ ಕೆಟ್ಟ ಬ್ಯಾಕ್ಟೀರಿಯಾ ಅದನ್ನು ತಯಾರಿಸುವುದೇ ಇಲ್ಲ. ಸತ್ತ ಜೀವಕೋಶಗಳ ಡಿಎನ್‌ಎಯಿಂದ ಕಫದಲ್ಲಿ ಸೇರಿದ ಥೈಮಿಡೀನ್ ತಿಂದು ಬದುಕುತ್ತದೆ. ದಿನಾ ಮೆಸ್ಸಿನಲ್ಲಿ ಉಣ್ಣುವವನ ಮನೆಗೆ ಸಿಲಿಂಡರ್ ಬರದಿದ್ದರೆ ಅವನಿಗೇನು ಕಷ್ಟ?

ಪರ್ಸಿಸ್ಟರ್ ಅನ್ನೋ ಪದವನ್ನು ಇದರ ಜೊತೆ ಕಲಸಬೇಡಿ. ಆಂಟಿಬಯಾಟಿಕ್ ಕೊಟ್ಟರೂ ಸಾಯದೆ ಉಳಿಯುವ ಕೆಲವು ಬ್ಯಾಕ್ಟೀರಿಯಾಗಳಿಗೆ ಆ ಹೆಸರು. ಪರ್ಸಿಸ್ಟರ್‌ಗಳ ಜೀನ್ ಬದಲಾಗಿರುವುದಿಲ್ಲ. ಅವು ಸುಮ್ನೆ ಸ್ವಲ್ಪ ಹೊತ್ತು ಮಂಕಾಗಿರುತ್ತವೆ. ಸ್ಥಿರವಾದ ಎಸ್‌ಸಿವಿಯ ನಿಧಾನ ಮಾತ್ರ ಮಕ್ಕಳು ಮೊಮ್ಮಕ್ಕಳಿಗೂ ಬರುತ್ತದೆ. ಹಾಗಂತ ಅದು ಕೊನೆಯ ಮಾತಲ್ಲ. ಮತ್ತೊಂದು ಮ್ಯುಟೇಷನ್‌ನಿಂದ ಕೆಟ್ಟದ್ದು ಸರಿಹೋಗಿ, ಹಳೆಯ ವೇಗ, ಹಳೆಯ ವಿಷ ಮರಳಬಹುದು.

ಎಸ್‌ಸಿವಿಯನ್ನು 1910ರ ಹೊತ್ತಿಗೇ ಟೈಫಾಯಿಡ್ ಬ್ಯಾಕ್ಟೀರಿಯಾದಲ್ಲಿ ಗುರುತಿಸಿದ್ದರು. ಸ್ಟ್ಯಾಫ್ ಸೋಂಕು ಮರುಕಳಿಸುವುದಕ್ಕೂ ಇದಕ್ಕೂ ಇರುವ ನಂಟನ್ನು ಅಮೆರಿಕದ ಸಂಶೋಧಕ ರಿಚರ್ಡ್ ಪ್ರಾಕ್ಟರ್ ಮತ್ತು ಸಂಗಡಿಗರು 1995ರಲ್ಲಿ ಎತ್ತಿ ತೋರಿಸಿದರು.

ಎಸ್‌ಸಿವಿಗೆ ಯಾವುದನ್ನು ತಯಾರಿಸಲು ಆಗುತ್ತಿಲ್ಲ ಅಂತ ಪತ್ತೆ ಮಾಡುವ ಒಂದು ಸರಳ ಪರೀಕ್ಷೆ ನನಗೆ ತುಂಬ ಇಷ್ಟ. ಎಸ್‌ಸಿವಿ ಹರಡಿದ ಪ್ಲೇಟಿನ ಮೇಲೆ ಹೀಮಿನ್ (ಹೀಮ್‌ನ ಒಂದು ರೂಪ), ಮೆನಡಿಯೋನ್ (ಮೆನಾಕ್ವಿನೋನ್ ಮಾಡಲು ಬೇಕಾದದ್ದು), ಥೈಮಿಡೀನ್ ಅದ್ದಿದ ಮೂರು ಪುಟ್ಟ ಕಾಗದದ ಬಿಲ್ಲೆ ಇಡುತ್ತಾರೆ. ಎರಡು ಮೂರು ದಿನದ ಮೇಲೆ ಪ್ಲೇಟಿನ ತುಂಬ ಅದೇ ಗಸಗಸೆ. ಹೀಮ್ ಇಲ್ಲದ್ದಾದರೆ ಹೀಮಿನ್ ಬಿಲ್ಲೆಯ ಸುತ್ತ ಮಾತ್ರ ಕಾಲನಿಗಳು ದಪ್ಪಗೆ ಬೆಳೆದು ನಿಂತಿರುತ್ತವೆ.