ಮೂರು ತಿಂಗಳ ಸರಾಸರಿ ಹೇಳುವುದೆಷ್ಟು, ಬಿಡುವುದೆಷ್ಟು?

ಮಡಿಕೇರಿಯಲ್ಲಾಗಲಿ ಗೋಣಿಕೊಪ್ಪದಲ್ಲಾಗಲಿ, ರಕ್ತಪರೀಕ್ಷೆ ಮಾಡಿಸಿದ ಸಕ್ಕರೆ ಕಾಯಿಲೆಯವರ ಚೀಟಿಯಲ್ಲಿ ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಅಂಕಿಗಳ ಜೊತೆಗೆ ‘ಮೂರು ತಿಂಗಳ ಸರಾಸರಿ’ ಎಂದು ಕರೆಯುವ ಎಚ್‌ಬಿಎ1ಸಿ ಕೂಡ ಇರುತ್ತದೆ. ಇವು ಒಂದಕ್ಕೊಂದು ತಾಳೆಯಾಗದಿದ್ದಾಗ, ಕಣ್ಣು, ಮೂತ್ರಪಿಂಡ, ಪಾದಗಳಿಗೆ ಮುಂದೆ ಏನು ಕಾದಿದೆ ಎಂಬುದಕ್ಕೆ ಯಾವುದನ್ನು ನಂಬಬೇಕೆಂದು ತಿಳಿಯದಾಗುತ್ತದೆ.

ಸಕ್ಕರೆ ಇದೆಯೇ ಎಂದು ತಿಳಿಯಲು ಬೆನೆಡಿಕ್ಟ್ ದ್ರಾವಣದಲ್ಲಿ ಮೂತ್ರ ಕಾಯಿಸಿ, ನೀಲಿ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುವುದನ್ನು ನೋಡುತ್ತಿದ್ದ ದಶಕಗಳ ನಂತರ, 1968ರಲ್ಲಿ ಇರಾನಿನ ಸ್ಯಾಮುಯೆಲ್ ರಹಬರ್ ಮಧುಮೇಹಿಗಳ ಹಿಮೋಗ್ಲೋಬಿನ್ ಬೇರೆಯಾಗಿರುವುದನ್ನು ಗುರುತಿಸಿದರು. ಕೆಂಪು ರಕ್ತಕಣ ಬದುಕಿರುವ ಸುಮಾರು 120 ದಿನಗಳಲ್ಲಿ ಅದರೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆಯ ಲೆಕ್ಕವೇ ಎಚ್‌ಬಿಎ1ಸಿ ಪರೀಕ್ಷೆ.

ಅದಕ್ಕೆ ಭವಿಷ್ಯ ನುಡಿಯುವ ಪಟ್ಟ ಸಿಕ್ಕಿದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾದಲ್ಲಿ ಮೊದಲನೇ ಬಗೆಯ ಮಧುಮೇಹವಿದ್ದ 1,441 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಎಚ್‌ಬಿಎ1ಸಿ ಅಂಕಿ ಶೇ 7ರ ಆಸುಪಾಸಿನಲ್ಲಿದ್ದ ಗುಂಪಿಗೆ ಶೇ 9ರ ಗುಂಪಿಗಿಂತ ಕಣ್ಣು, ಮೂತ್ರಪಿಂಡ, ನರಗಳ ತೊಂದರೆ ಬಹಳ ಕಡಿಮೆಯಾಗಿತ್ತು; ಮೊದಲು ಅಕ್ಷಿಪಟಲದ ದೋಷವಿಲ್ಲದವರಲ್ಲಿ ಅದು ತಲೆದೋರುವ ಅಪಾಯ ಶೇ 76ರಷ್ಟು ಇಳಿದಿತ್ತು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪುಗಳ ಅಂಕಿ ಸುಮಾರು ಶೇ 8ಕ್ಕೆ ಬಂದು ಕೂಡಿದರೂ, ಹಿಂದೆ ಸಕ್ಕರೆಯನ್ನು ಹತೋಟಿಯಲ್ಲಿಟ್ಟವರಿಗೆ ಸಿಕ್ಕ ರಕ್ಷಣೆ ವರ್ಷಗಳ ಕಾಲ ಉಳಿಯಿತು. ಅಂದರೆ ಇಂದಿನ ಚೀಟಿಯಲ್ಲಿ ಕಾಣದ ಹಳೆಯ ವರ್ಷಗಳನ್ನು ದೇಹ ಮರೆತಿರುವುದಿಲ್ಲ.

ಎರಡನೇ ಬಗೆಯ ಮಧುಮೇಹದಲ್ಲಿ ಬ್ರಿಟನ್ನಿನ ಅಧ್ಯಯನ 1998ರಲ್ಲಿ ಸಣ್ಣ ರಕ್ತನಾಳಗಳ ಮಟ್ಟಿಗೆ ಇದನ್ನೇ ಹೇಳಿತು. 2008ರಲ್ಲಿ ಮಾತ್ರ, ಅಂಕಿಯನ್ನು ಶೇ 6ಕ್ಕಿಂತ ಕೆಳಗಿಳಿಸಲು ಹೊರಟ ಗುಂಪಿನಲ್ಲಿ ಸಾವುಗಳು ಹೆಚ್ಚಿದ್ದರಿಂದ ಅಕಾರ್ಡ್ ಎಂಬ ಇನ್ನೊಂದು ಅಧ್ಯಯನದ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಇಷ್ಟಾದರೂ ಲೆಕ್ಕ ನಿಂತಿರುವುದು ರಕ್ತಕಣದ ಆಯುಸ್ಸಿನ ಮೇಲೆ. ಕಬ್ಬಿಣಾಂಶ ಕೊರತೆಯ ರಕ್ತಹೀನತೆಯಲ್ಲಿ ಅಂಕಿ ಇರುವುದಕ್ಕಿಂತ ಹೆಚ್ಚು ಕಾಣಬಹುದು. ಕುಡುಗೋಲು ಕಣ ರೋಗದಂತೆ ರಕ್ತಕಣಗಳು ಬೇಗ ಸಾಯುವ ಸ್ಥಿತಿಯಲ್ಲಿ ಕಡಿಮೆ ಕಾಣಬಹುದು. ತೋಟದ ಲೈನ್ ಮನೆಯಿಂದ ಬಂದ, ರಕ್ತ ಕಡಿಮೆಯಿರುವ ಹೆಂಗಸಿನ ಚೀಟಿಯನ್ನು ಹಿಮೋಗ್ಲೋಬಿನ್ ಅಂಕಿಯ ಪಕ್ಕದಲ್ಲಿಟ್ಟು ಓದದಿದ್ದರೆ ಮಾತ್ರೆಯ ಪ್ರಮಾಣವೇ ತಪ್ಪೀತು. ಕಳೆದ ಎರಡು ಮೂರು ವಾರಗಳ ಲೆಕ್ಕ ಕೊಡುವ ಫ್ರಕ್ಟೋಸಮೈನ್ ಪರೀಕ್ಷೆ ಇಂಥಲ್ಲಿ ನೆರವಾಗುತ್ತದೆ; ಸಕ್ಕರೆಯನ್ನು ಸದಾ ಅಳೆಯುವ, ತೋಳಿಗಂಟಿಸುವ ಸೆನ್ಸರ್ ಕೂಡ ಉಂಟು, ದುಡ್ಡಿದ್ದವರಿಗೆ.

ಇವೆಲ್ಲ ಮುಂದಿನ ಅಪಾಯದ ಅಂದಾಜುಗಳು. ಹಾನಿ ಆಗಲೇ ಶುರುವಾಗಿದೆಯೇ ಎಂದು ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆ, ಅಕ್ಷಿಪಟಲದ ತಪಾಸಣೆ, ಮತ್ತು ಮಳೆಗಾಲವಿಡೀ ಕೆಸರಿನಲ್ಲಿರುವ ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವ ಒಂದೆಳೆ ನೈಲಾನ್ ದಾರ ಬೇಕು.